ಕೆಟ್ಟದ್ದು ಟೇಪಲ್ಲ

ಹೊರನಾಡಿನ ಕನ್ನಡಿಗರಾದ ನಮ್ಮಲ್ಲಿ ಕೆಲವರ ಮನೆಯ ಅಟ್ಟದ ಮೇಲೆ ಅಮೆರಿಕದಿಂದ ಬಂದ ಒಂದೆರಡು ವಿಡಿಯೋ ಟೇಪುಗಳು ಇಂದಿಗೂ ಉಳಿದಿವೆ. ಮಗಳ ಸೀಮಂತ, ಮೊಮ್ಮಗನ ನಾಮಕರಣ, ಬಾಣಂತನಕ್ಕೆಂದು ಅಲ್ಲಿಗೆ ಹೋಗಿದ್ದ ಅಜ್ಜಿಯ ಆರತಿ ಹಾಡು ಎಲ್ಲವೂ ಅವುಗಳಲ್ಲಿವೆ. ಎಂಬತ್ತರ ದಶಕದಲ್ಲಿ ವಿ.ಸಿ.ಆರ್. ಬಾಡಿಗೆಗೆ ತಂದು, ನೆರೆಹೊರೆಯವರನ್ನೂ ಕರೆದು ಟೇಪು ಹಾಕಿದರೆ, ಬಣ್ಣವಿಲ್ಲದ ಚಿತ್ರ ಒಂದೇ ಸಮನೆ ಉರುಳತೊಡಗಿತು. 'ಟೇಪು ಕೆಟ್ಟಿದೆ' ಎಂದು ನಾವು ಎತ್ತಿಟ್ಟೆವು. ಕೆಟ್ಟದ್ದು ಟೇಪಲ್ಲ, ಅದರ ದೇಶದ ಪದ್ಧತಿಯೇ ಬೇರೆಯಾಗಿತ್ತು.

ಈ ಭೇದದ ಮೂಲವಿರುವುದು ವಿದ್ಯುತ್ತಿನಲ್ಲಿ. ಅಮೆರಿಕದ ವಿದ್ಯುತ್ತು ಸೆಕೆಂಡಿಗೆ 60 ಆವರ್ತನದ್ದು. ಯೂರೋಪಿನದೂ ನಮ್ಮದೂ 50ರದು. ಮೊದಮೊದಲಿನ ಟೆಲಿವಿಷನ್ನಿನಲ್ಲಿ ಚಿತ್ರದ ವೇಗ ಇದಕ್ಕೆ ಹೊಂದದಿದ್ದರೆ ತೆರೆಯ ಮೇಲೆ ಪಟ್ಟೆಗಳು ಓಡಾಡುತ್ತಿದ್ದವು. ಹಾಗಾಗಿ ಅಮೆರಿಕ 1941ರಲ್ಲಿ ಸೆಕೆಂಡಿಗೆ 30 ಚಿತ್ರ, ಚಿತ್ರಕ್ಕೆ 525 ಗೆರೆ ಎಂದು ಗೊತ್ತುಮಾಡಿತು. 1953ರಲ್ಲಿ ಅದಕ್ಕೇ ಬಣ್ಣ ಕೂಡಿಸಿತು. ಇದು ಎನ್.ಟಿ.ಎಸ್.ಸಿ. ಪದ್ಧತಿ. ಯೂರೋಪಿನಲ್ಲಿ ನೆಲೆನಿಂತದ್ದು 25 ಚಿತ್ರ, 625 ಗೆರೆಯ ಕ್ರಮ.

ಅಮೆರಿಕದ ಪದ್ಧತಿಯಲ್ಲಿ ಪ್ರಸಾರದ ದಾರಿಯಲ್ಲೇ ಬಣ್ಣ ಮಾರ್ಪಡುವ ದೋಷವಿತ್ತು. ಅದನ್ನು ನೀಗಿಸಲು ಜರ್ಮನಿಯ ವಾಲ್ಟರ್ ಬ್ರುಖ್ 'ಪಾಲ್' ಪದ್ಧತಿಯನ್ನೂ ಫ್ರಾನ್ಸಿನ ಆನ್ರಿ ದ ಫ್ರಾನ್ಸ್ 'ಸೆಕಾಮ್' ಪದ್ಧತಿಯನ್ನೂ ರೂಪಿಸಿದರು. ಎರಡೂ 1967ರಲ್ಲಿ ಪ್ರಸಾರಕ್ಕೆ ಬಂದವು. 1982ರಲ್ಲಿ ನಮ್ಮ ದೂರದರ್ಶನಕ್ಕೆ ಬಣ್ಣ ಬಂದಾಗ ಭಾರತ ಆರಿಸಿಕೊಂಡದ್ದು ಪಾಲ್. 1976ರಲ್ಲಿ ಜಪಾನಿನಲ್ಲಿ ಹುಟ್ಟಿದ ವಿ.ಎಚ್.ಎಸ್. ಟೇಪಿನ ಡಬ್ಬಿ ಎಲ್ಲೆಲ್ಲೂ ಒಂದೇ. ಒಳಗಿನ ಬರಹ ಮಾತ್ರ ಆಯಾ ದೇಶದ್ದು.

ಇಂದು ಈ ಬರಹವನ್ನು ಓದಿಸಲು ಕಂಪ್ಯೂಟರಿಗೆ ಜೋಡಿಸುವ ಕ್ಯಾಪ್ಚರ್ ಕಾರ್ಡ್ ಇದೆ. ಟೇಪಿನಿಂದ ಬರುವ ಸಂಕೇತವನ್ನು ಅದು ಅಂಕಿಗಳಾಗಿ ಬದಲಿಸಿ ಕಂಪ್ಯೂಟರಿಗೆ ಒಪ್ಪಿಸುತ್ತದೆ. ಆದರೆ ಕಾರ್ಡೊಂದೇ ಸಾಲದು; ಎನ್.ಟಿ.ಎಸ್.ಸಿ. ಟೇಪನ್ನು ಓದಬಲ್ಲ ವಿ.ಸಿ.ಆರ್. ಕೂಡ ಬೇಕು. ಕಂಪ್ಯೂಟರಿನಲ್ಲೂ ಅದೇ ಪದ್ಧತಿಯನ್ನು ಆರಿಸಬೇಕು. ಮರೆತು ಪಾಲ್ ಎಂದು ಬಿಟ್ಟರೆ ಹಳೆಯ ಉರುಳಾಟವೇ ಮರುಕಳಿಸೀತು. ಪಾಲ್‌ಗೆ ಪರಿವರ್ತಿಸುವ ಅಗತ್ಯವೂ ಇಲ್ಲ. ಕಂಪ್ಯೂಟರಿಗೆ ಎರಡೂ ಒಂದೇ. ಅವಸರವೂ ನಡೆಯದು: ಎರಡು ಗಂಟೆಯ ಟೇಪಿಗೆ ಎರಡು ಗಂಟೆಯೇ ಹಿಡಿಯುತ್ತದೆ. ಬೂಷ್ಟು ಹಿಡಿದ ಟೇಪನ್ನು ಯಂತ್ರಕ್ಕೆ ಹಾಕದೆ ಬಲ್ಲವರ ಕೈಗೆ ಕೊಡುವುದು ಒಳ್ಳೆಯದು.

ತಡಮಾಡುವಂತಿಲ್ಲ. ವಿ.ಎಚ್.ಎಸ್. ಯಂತ್ರಗಳನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರಲ್ಲಿ ಆ ಕೆಲಸವನ್ನು ನಿಲ್ಲಿಸಿತು. ಉಳಿದ ಯಂತ್ರಗಳು ಸವೆಯುತ್ತಿವೆ. ಟೇಪಿನ ಮೇಲಿನ ಕಾಂತೀಯ ಲೇಪವೂ ಕ್ಷೀಣಿಸುತ್ತಿದೆ.

ಊರು ಬಿಟ್ಟು ಬಂದ ನಮ್ಮ ಮನೆಗಳಲ್ಲಿ ಹಳೆಯ ಪತ್ರಗಳಿವೆ, ಫೋಟೋಗಳಿವೆ. ಆದರೆ ಅಜ್ಜಿ ಆಡುತ್ತಿದ್ದ ನಮ್ಮೂರ ಕನ್ನಡ, ಆ ಎಳೆತ, ಆ ಗದರಿಕೆ ಪತ್ರದಲ್ಲೂ ಇಲ್ಲ, ಫೋಟೋದಲ್ಲೂ ಇಲ್ಲ. ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳು ಅದನ್ನು ಕೇಳಬೇಕಾದರೆ, ನಾವು ಕೆಟ್ಟಿತೆಂದು ಎತ್ತಿಟ್ಟ ಆ ಟೇಪನ್ನೇ ಅಟ್ಟದಿಂದ ಇಳಿಸಬೇಕು.