ಗಿರಾಕಿಯ ಮುನಿಸು: ಬಹಿಷ್ಕಾರ ನಡೆದುಬಂದ ದಾರಿ

1791ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಸಂಸತ್ತು ಗುಲಾಮರ ವ್ಯಾಪಾರ ನಿಲ್ಲಿಸುವ ಪ್ರಸ್ತಾವವನ್ನು ತಳ್ಳಿಹಾಕಿತು. ಅದೇ ವರ್ಷ ವಿಲಿಯಂ ಫಾಕ್ಸ್ ಎಂಬಾತನ ಕಿರುಹೊತ್ತಗೆಯೊಂದು ಊರೂರು ಸುತ್ತಿತು. ವೆಸ್ಟ್ ಇಂಡೀಸಿನ ಸಕ್ಕರೆ ಕೊಳ್ಳುವವನೂ ಗುಲಾಮಗಿರಿಯಲ್ಲಿ ಪಾಲುದಾರ, ಆದ್ದರಿಂದ ಸಕ್ಕರೆ ಬಿಡಿ ಎಂಬುದು ಅದರ ವಾದ. ಸುಮಾರು ಮೂರು ಲಕ್ಷ ಜನ ಬಿಟ್ಟರೆಂದು ಥಾಮಸ್ ಕ್ಲಾರ್ಕ್‌ಸನ್ ಅಂದಾಜು ಮಾಡಿದ. ಆಗ ಹೆಂಗಸರಿಗೆ ಮತವಿರಲಿಲ್ಲ, ಆದರೆ ಮನೆಗೆ ಯಾವ ಸಾಮಾನು ಬರಬೇಕೆಂಬುದು ಅವರ ಕೈಯಲ್ಲಿತ್ತು. 1820ರ ದಶಕದಲ್ಲಿ ಚಳವಳಿ ಮತ್ತೆ ಎದ್ದಾಗ, ಇದು ಗುಲಾಮರ ದುಡಿಮೆಯಲ್ಲದ ಈಸ್ಟ್ ಇಂಡಿಯಾ ಸಕ್ಕರೆ ಎಂದು ಬರೆದ ಬಟ್ಟಲುಗಳೂ ಬಂದವು. ಭಾರತದ ಕಬ್ಬಿನ ಗದ್ದೆಯ ಕೂಲಿಗಳ ಬಾಳು ಬಟ್ಟಲಿನ ಮೇಲೆ ಬರೆದುಕೊಳ್ಳುವಷ್ಟು ಚೆನ್ನಾಗಿತ್ತೇ ಎಂಬುದು ಬೇರೆ ಮಾತು. 1807ರಲ್ಲಿ ಗುಲಾಮರ ವ್ಯಾಪಾರ ನಿಂತದ್ದು ಸಕ್ಕರೆ ಬಿಟ್ಟದ್ದರಿಂದಲೇ ಎನ್ನಲಾಗದು. ಆದರೆ ಮತವಿಲ್ಲದವರೂ ರಾಜಕೀಯ ಮಾಡಬಹುದು ಎಂಬುದಂತೂ ಗೊತ್ತಾಯಿತು.

ನೂರು ವರ್ಷದ ನಂತರ ಇರಾನಿನಲ್ಲಿ ಇದೇ ಉಪಾಯ ಹೆಚ್ಚು ನೇರವಾಗಿ ಫಲ ಕೊಟ್ಟಿತು. ದೇಶದ ತಂಬಾಕಿನ ವಹಿವಾಟನ್ನೆಲ್ಲ ದೊರೆ ನಾಸಿರುದ್ದೀನ್ ಷಾ 1890ರಲ್ಲಿ ಒಬ್ಬ ಇಂಗ್ಲಿಷ್ ಮೇಜರನಿಗೆ ಬರೆದುಕೊಟ್ಟಿದ್ದ. 1891ರ ಡಿಸೆಂಬರಿನಲ್ಲಿ ಧರ್ಮಗುರು ಮಿರ್ಜಾ ಶಿರಾಜಿಯ ಹೆಸರಿನಲ್ಲಿ ಫತ್ವಾ ಹೊರಟಿತು. ಜನ ಹುಕ್ಕಾ ಕೆಳಗಿಟ್ಟರು. ಮರುತಿಂಗಳೇ ಗುತ್ತಿಗೆ ರದ್ದಾಯಿತು. ಬೇಡಿಕೆ ಒಂದೇ, ಅದನ್ನು ಈಡೇರಿಸಬೇಕಾದವನೂ ಒಬ್ಬನೇ. ಮುಂದೆ ಗೆದ್ದ ಬಹಿಷ್ಕಾರಗಳಲ್ಲಿ ಬಹುಪಾಲು ಈ ಬಗೆಯವೇ.

ನಮ್ಮ ಸ್ವದೇಶಿ ಚಳವಳಿ ಇಷ್ಟು ಸರಳವಾಗಿರಲಿಲ್ಲ. 1905ರ ಆಗಸ್ಟ್ 7ರಂದು ಬಂಗಾಳದ ವಿಭಜನೆಯನ್ನು ವಿರೋಧಿಸಿ ಕಲಕತ್ತೆಯ ಟೌನ್ ಹಾಲಿನಲ್ಲಿ ವಿದೇಶಿ ವಸ್ತುಗಳ ಬಹಿಷ್ಕಾರದ ನಿರ್ಣಯವಾಯಿತು. ಅಕ್ಟೋಬರ್ 16ರಂದು ಬಂಗಾಳ ಇಬ್ಭಾಗವಾಗಿಯೇ ಹೋಯಿತು. ಮತ್ತೆ ಒಂದಾಗಲು 1911ರವರೆಗೆ ಕಾಯಬೇಕಾಯಿತು. ಈ ನಡುವೆ ಹಳ್ಳಿಗಳಲ್ಲಿ ಏನಾಯಿತೆಂಬುದನ್ನು ನಮ್ಮ ಪಠ್ಯಪುಸ್ತಕಗಳು ಅಷ್ಟಾಗಿ ಹೇಳುವುದಿಲ್ಲ. ಮ್ಯಾಂಚೆಸ್ಟರ್ ಬಟ್ಟೆ ಅಗ್ಗ, ದೇಶಿ ಬಟ್ಟೆ ತುಟ್ಟಿ. ಭದ್ರಲೋಕವೆನಿಸಿದ ಸ್ಥಿತಿವಂತರಿಗೆ ಅದು ತ್ಯಾಗ, ಬಡ ರೈತನಿಗೆ ದಂಡ. ಪೂರ್ವ ಬಂಗಾಳದ ಮುಸ್ಲಿಂ ರೈತರ ಮೇಲೆ, ಸಣ್ಣ ವ್ಯಾಪಾರಿಗಳ ಮೇಲೆ ಜಮೀನ್ದಾರರ ಒತ್ತಡ ಬಿತ್ತು. ಮೊದಲು ಚಳವಳಿಯೊಂದಿಗಿದ್ದ ರವೀಂದ್ರನಾಥ ಠಾಕೂರರು ಇದನ್ನು ಕಂಡೇ ದೂರ ಸರಿದರು. 1916ರ ಅವರ 'ಘರೇ ಬಾಯಿರೇ' ಕಾದಂಬರಿಗೆ ಈ ಬಲವಂತವೇ ವಸ್ತು.

ಗಾಂಧೀಜಿ ಈ ಕೊರತೆಯನ್ನು ಚರಕದಿಂದ ತುಂಬಲು ನೋಡಿದರು. ಕೊಳ್ಳಬೇಡ ಎಂದರೆ ಸಾಲದು, ಅದರ ಬದಲಿಗೆ ಏನೆಂದೂ ಹೇಳಬೇಕು. ಖಾದಿ ಅಗ್ಗವೇನಾಗಲಿಲ್ಲ, ಆದರೆ ನೂಲುವವರಿಗೆ ಕೆಲಸ ಸಿಕ್ಕಿತು. 1930ರಲ್ಲಿ ಮುಂಬಯಿಯ ದೇಶ ಸೇವಿಕಾ ಸಂಘದ ಹೆಂಗಸರು ವಿದೇಶಿ ಬಟ್ಟೆಯಂಗಡಿಗಳ ಮುಂದೆ ಪಿಕೆಟಿಂಗಿಗೆ ನಿಂತರು. ಅದೇ ವರ್ಷದ ಡಿಸೆಂಬರ್ 12ರಂದು ಕಾಲ್ಬಾದೇವಿಯಲ್ಲಿ ವಿದೇಶಿ ಬಟ್ಟೆ ಹೊತ್ತ ಲಾರಿಗೆ ಅಡ್ಡ ನಿಂತ ಗಿರಣಿ ಕಾರ್ಮಿಕ ಬಾಬು ಗೇನು ಅದರಡಿ ಸಿಕ್ಕಿ ಸತ್ತ.

ಬದಲಿ ವ್ಯವಸ್ಥೆಯನ್ನು ಅಚ್ಚುಕಟ್ಟಾಗಿ ಕಟ್ಟಿ ತೋರಿಸಿದ್ದು ಅಮೆರಿಕದ ಮಾಂಟ್ಗೊಮರಿ. 1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಬಸ್ಸಿನಲ್ಲಿ ಸೀಟು ಬಿಡದೆ ಬಂಧನವಾದ ಕಥೆ ಎಲ್ಲರಿಗೂ ಗೊತ್ತು. ಆ ರಾತ್ರಿಯೇ ಕಾಲೇಜು ಅಧ್ಯಾಪಕಿ ಜೋ ಆನ್ ರಾಬಿನ್ಸನ್ ಸ್ಟೆನ್ಸಿಲ್ ಕೊರೆದು ಸಾವಿರಾರು ಕರಪತ್ರ ತೆಗೆದದ್ದು ಅಷ್ಟಾಗಿ ಗೊತ್ತಿಲ್ಲ. ಬಸ್ಸಿನ ಪ್ರಯಾಣಿಕರಲ್ಲಿ ನಾಲ್ಕರಲ್ಲಿ ಮೂರು ಪಾಲು ಕರಿಯರೇ. ಡಿಸೆಂಬರ್ 5ರಿಂದ ಅವರು ಬಸ್ ಹತ್ತಲಿಲ್ಲ. ಕೆಲಸಕ್ಕೆ ಹೋಗುವುದು ಹೇಗೆ? ಚರ್ಚುಗಳು ವ್ಯಾನು ಕೊಂಡವು, ಕಾರಿದ್ದವರು ಸರದಿಯಲ್ಲಿ ಓಡಿಸಿದರು, ಹತ್ತಿಸಿಕೊಳ್ಳುವ ತಾಣಗಳು ನಿಗದಿಯಾದವು. ಸ್ಥಳೀಯ ವಿಮೆ ಕಂಪನಿಗಳು ಕಾರುಗಳ ವಿಮೆ ರದ್ದು ಮಾಡಿದಾಗ ಲಂಡನ್ನಿನ ಲಾಯ್ಡ್ಸ್‌ನಿಂದ ಮಾಡಿಸಿದರು. 381 ದಿನ ಹೀಗೆ ನಡೆಯಿತು. ಬಸ್ಸಿನಲ್ಲಿ ಬಣ್ಣಭೇದ ಸಂವಿಧಾನಕ್ಕೆ ವಿರುದ್ಧ ಎಂದದ್ದು ಸುಪ್ರೀಂ ಕೋರ್ಟು, ನಿಜ. ಆ ತೀರ್ಪು ಬರುವ ತನಕ ಊರು ಸೋಲದಂತೆ ಹಿಡಿದಿಟ್ಟದ್ದು ಮಾತ್ರ ಈ ಸಾರಿಗೆ ಏರ್ಪಾಡು. ಭಾಷಣಕಾರರಿಗೆ ಸಿಕ್ಕ ಕೀರ್ತಿಯಲ್ಲಿ ಅರ್ಧವಾದರೂ ಡ್ರೈವರುಗಳಿಗೆ ಸಿಗಬೇಕಿತ್ತು.

ದಕ್ಷಿಣ ಆಫ್ರಿಕಾದ ಪ್ರಕರಣದಲ್ಲಿ ಬಹಿಷ್ಕಾರ ದೇಶದ ಗಡಿ ದಾಟಿತು. 1946ರಲ್ಲೇ ಭಾರತ ಆ ದೇಶದೊಡನೆ ವ್ಯಾಪಾರ ನಿಲ್ಲಿಸಿತ್ತು. 1959ರಲ್ಲಿ ಲಂಡನ್ನಿನಲ್ಲಿ ಅಲ್ಲಿಯ ಹಣ್ಣು ಕೊಳ್ಳಬೇಡಿ ಎಂಬ ಚಳವಳಿ ಶುರುವಾಯಿತು. 1984ರಲ್ಲಿ ಡಬ್ಲಿನ್ನಿನ ಒಂದು ಅಂಗಡಿಯ ಗಲ್ಲಾದಲ್ಲಿದ್ದ ಹುಡುಗಿ ದಕ್ಷಿಣ ಆಫ್ರಿಕಾದ ಹಣ್ಣಿಗೆ ಬಿಲ್ ಹಾಕಲು ಒಪ್ಪಲಿಲ್ಲ. ಅದರಿಂದ ಎದ್ದ ಮುಷ್ಕರ ಎರಡೂವರೆ ವರ್ಷಕ್ಕೂ ಹೆಚ್ಚು ನಡೆದು 1987ರಲ್ಲಿ ಐರ್ಲೆಂಡ್ ಸರ್ಕಾರವೇ ಆ ಹಣ್ಣು-ತರಕಾರಿಯನ್ನು ನಿಷೇಧಿಸಿತು. ಪೋರ್ಟ್ ಎಲಿಜಬೆತ್ತಿನ ಕರಿಯರು 1985ರಲ್ಲಿ ಬಿಳಿಯರ ಅಂಗಡಿಗೆ ಹೋಗುವುದನ್ನೇ ಬಿಟ್ಟಾಗ, ವ್ಯಾಪಾರಿಗಳೇ ಸರ್ಕಾರದ ಮುಂದೆ ನಿಂತು ಬಂಧಿತ ನಾಯಕರ ಬಿಡುಗಡೆಗೆ ಮಾತಾಡಬೇಕಾಯಿತು. ಆದರೆ ಆ ವರ್ಷಗಳಲ್ಲೇ ಕೆಲವೆಡೆ, ಪೇಟೆಯಿಂದ ಎಣ್ಣೆ ತಂದವರಿಗೆ ಅದನ್ನೇ ಬಲವಂತವಾಗಿ ಕುಡಿಸಿದ ಪ್ರಸಂಗಗಳೂ ನಡೆದವು. ಬಂಗಾಳದ ಹಳೆಯ ರೋಗ.

ಅಷ್ಟರಲ್ಲಿ ವಿದ್ವಾಂಸರೂ ಈ ಕಡೆ ತಿರುಗಿದ್ದರು. 1973ರಲ್ಲಿ ಜೀನ್ ಶಾರ್ಪ್ ಅಹಿಂಸಾತ್ಮಕ ಹೋರಾಟದ 198 ವಿಧಾನ ಪಟ್ಟಿಮಾಡಿ, ಅದರಲ್ಲಿ ಗ್ರಾಹಕರ ಬಹಿಷ್ಕಾರಕ್ಕೂ ಜಾಗ ಕೊಟ್ಟರು. 1982ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಮಿಸಿಸಿಪ್ಪಿಯ ಒಂದು ಬಹಿಷ್ಕಾರದ ಮೊಕದ್ದಮೆಯಲ್ಲಿ, ಶಾಂತವಾಗಿ ನಡೆದಷ್ಟೂ ಅದು ವಾಕ್ ಸ್ವಾತಂತ್ರ್ಯವೇ ಎಂದಿತು. ಇಪ್ಪತ್ತೊಂದನೆಯ ಶತಮಾನದಲ್ಲಿ ಕರಪತ್ರದ ಕೆಲಸವನ್ನು ಮೊಬೈಲು ಮಾಡುತ್ತಿದೆ: 2018ರಲ್ಲಿ ಮೊರಾಕ್ಕೊದ ಜನ ಫೇಸ್‌ಬುಕ್ಕಿನ ಒಂದು ಕರೆಗೆ ಓಗೊಟ್ಟು ಒಂದು ಹಾಲು, ಒಂದು ನೀರು, ಒಂದು ಪೆಟ್ರೋಲು, ಹೀಗೆ ಮೂರೇ ಬ್ರ್ಯಾಂಡುಗಳನ್ನು ಬಿಟ್ಟರು, ಹಾಲಿನ ಕಂಪನಿ ಕೊನೆಗೆ ಬೆಲೆ ಇಳಿಸಿತು. ಇಂದು ದಿನಕ್ಕೊಂದು ಸಿನಿಮಾ, ದಿನಕ್ಕೊಂದು ಸೋಪಿನ ವಿರುದ್ಧ ಏಳುವ ಕೂಗುಗಳಿಗೆ ಆ ಮೂರರ ಸಂಯಮವಿಲ್ಲ.

ಈ ಚರಿತ್ರೆಗೆ ಇನ್ನೊಂದು ಮುಖವಿದೆ. 1933ರ ಏಪ್ರಿಲ್ 1ರಂದು ನಾಜಿಗಳು ಯಹೂದಿಗಳ ಅಂಗಡಿಗಳ ಮುಂದೆ ಕಾವಲು ನಿಂತದ್ದೂ ಬಹಿಷ್ಕಾರವೇ. ಹಕ್ಕು ಕೇಳಿದ ದಲಿತರಿಗೆ ಕೂಲಿ, ಕಿರಾಣಿ, ನೀರು ಎಲ್ಲವನ್ನೂ ತಪ್ಪಿಸುವ ಹಳ್ಳಿಯ ಪದ್ಧತಿಯನ್ನು ಕಂಡಿದ್ದ ಅಂಬೇಡ್ಕರ್, ದುಂಡುಮೇಜಿನ ಪರಿಷತ್ತಿನಲ್ಲೇ ಸಾಮಾಜಿಕ ಬಹಿಷ್ಕಾರವನ್ನು ಶಿಕ್ಷಾರ್ಹ ಮಾಡಬೇಕೆಂದು ಕೇಳಿದ್ದರು. 2022ರ ಮಾರ್ಚಿನಲ್ಲಿ ನಮ್ಮ ಕರಾವಳಿಯ ಕೆಲವು ಜಾತ್ರೆಗಳಲ್ಲಿ ಮುಸ್ಲಿಮರು ಅಂಗಡಿ ಹಾಕಬಾರದೆಂಬ ಫಲಕಗಳೆದ್ದವು. ಹಿಜಾಬ್ ತೀರ್ಪಿನ ವಿರುದ್ಧ ಅವರು ಅಂಗಡಿ ಮುಚ್ಚಿದ್ದಕ್ಕೆ ಇದು ಉತ್ತರ ಎಂಬ ಸಮರ್ಥನೆಯೂ ಬಂತು. ಆದರೆ ಬಸ್ ಕಂಪನಿ ನಿಯಮ ಬದಲಿಸಬಹುದಿತ್ತು, ಷಾ ಗುತ್ತಿಗೆ ರದ್ದು ಮಾಡಬಹುದಿತ್ತು. ಜಾತ್ರೆಯಲ್ಲಿ ಬಳೆ ಮಾರುವವನು ಏನನ್ನು ಬದಲಿಸಿದರೆ ಗಿರಾಕಿ ಮರಳಿ ಬರುತ್ತಾನೆಂದು ಆ ಫಲಕಗಳಲ್ಲಿ ಬರೆದಿರಲಿಲ್ಲ. ಅದನ್ನು ಸಕ್ಕರೆ ಬಿಟ್ಟವರ, ಬಸ್ ಹತ್ತದವರ ಸಾಲಿಗೆ ಸೇರಿಸಲು ಬರುವುದಿಲ್ಲ.