ಬೇರು ಕತ್ತರಿಸೋ ಮಿಷನ್ನು ಇಲ್ಲಿ ಯಾಕೆ ಹುಟ್ಟಲಿಲ್ಲ?

ಮಳೆ ಹಿಡಿದರೆ ಸಾಕು, ಶಿರಾಳಕೊಪ್ಪ, ಶಿಕಾರಿಪುರ, ಸೊರಬದ ಮನೆಗಳಲ್ಲಿ ಒಂದು ಮಾತು ಶುರುವಾಗುತ್ತೆ. "ಲೈನ್ ಕಟ್ಕೊಂಡಿದೆ, ಬೇರು ಹೊಕ್ಕಿರ್ಬೇಕು, ಯಾರನ್ನಾದ್ರೂ ಕರೆಸ್ರಿ." ಈ 'ಯಾರನ್ನಾದ್ರೂ' ಅನ್ನೋ ಪದಕ್ಕೆ ಒಂದು ಚರಿತ್ರೆ ಇದೆ. ಆ ಯಾರೋ ಯಾವ ಕೇರಿಯವನು ಅಂತ ಹೇಳಿದವರಿಗೂ ಗೊತ್ತು, ಕೇಳಿಸಿಕೊಂಡವರಿಗೂ ಗೊತ್ತು.

ಮೊದಲು ಬೇರಿನ ವಿಷಯ. ತಪ್ಪೆಲ್ಲ ಮರದ ಮೇಲೆ ಹಾಕೋದು ನಮ್ಮ ಜನಕ್ಕೆ ಸುಲಭ. ಹಳೇ ಮನೆಗಳ ಲೈನ್ ಅಂದ್ರೆ ಸುಟ್ಟ ಜೇಡಿಮಣ್ಣಿನ ಪೈಪು. ಸಾಮಾನ್ಯವಾಗಿ ಎರಡಡಿಗೊಂದು ತುಂಡು, ಸೇರಿದ ಕಡೆ ಸಿಮೆಂಟ್ ಗಾರೆ. ನೂರಡಿ ಲೈನಿಗೆ ಐವತ್ತು ಜಾಯಿಂಟು ಅಂದಂಗಾಯ್ತು. ನೆಲ ಒಂಚೂರು ಕುಸಿದರೂ ಗಾರೆ ಬಿರುಕು ಬಿಡುತ್ತೆ, ತೇವ ಹೊರಗೆ ಬರುತ್ತೆ. ಆಲ, ಅರಳಿ, ಅತ್ತಿಯ ಬೇರು ಆ ತೇವದ ಕಡೆ ಬೆಳೆದು, ಕೂದಲೆಳೆ ಸಂದಿಯಲ್ಲೇ ಒಳಗಿಳಿಯುತ್ತೆ. ಒಳಗೆ ನೀರೂ ಇದೆ, ಗೊಬ್ಬರವೂ ಇದೆ. ಜಡೆ ಹೆಣೆದ ಹಾಗೆ ಹಬ್ಬಿ ಜಿಡ್ಡು, ಕೂದಲು, ಬಟ್ಟೆ ಚೂರನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತೆ. ಲೈನ್ ಬಂದ್. ಗಟ್ಟಿ ಪೈಪನ್ನು ಬೇರು ಒಡೆದು ನುಗ್ಗೋದು ಅಪರೂಪ. ಬಿಟ್ಟ ಸಂದಿಯಲ್ಲಿ ನುಗ್ಗುತ್ತೆ. ಸಂದಿ ಮುಚ್ಚದೆ ಬರೀ ಬೇರು ಕಿತ್ತರೆ ಮತ್ತೆ ಬರುತ್ತೆ, ಮತ್ತೆ 'ಯಾರನ್ನಾದ್ರೂ' ಕರೀಬೇಕಾಗುತ್ತೆ.

ಈ ತೊಂದರೆ ನಮ್ಮೂರಿಗೆ ಮಾತ್ರ ಬಂದಿದ್ದೇನಲ್ಲ. ಅಮೆರಿಕದ ಅಯೋವಾ ರಾಜ್ಯದಲ್ಲಿ ಸ್ಯಾಮ್ಯುಯಲ್ ಬ್ಲಾಂಕ್ ಅನ್ನೋನಿದ್ದ. ಮಗನ ಮನೆಯ ಲೈನಲ್ಲಿ ಬೇರು ಕಟ್ಟಿಕೊಂಡಿತ್ತು, ಅಪ್ಪನೇ ಕೈಹಾಕಿ ಇಡೀ ದಿನ ಒದ್ದಾಡಿದ. ಆಮೇಲೆ ಕೂತು ಬಟ್ಟೆ ಒಗೆಯೋ ಮಿಷನ್ನಿನ ಮೋಟರು, ಮಕ್ಕಳ ಸ್ಕೇಟಿಂಗ್ ಚಕ್ರ, ಉಕ್ಕಿನ ಕೇಬಲ್ಲು ಸೇರಿಸಿ, ತುದಿಗೆ ಬ್ಲೇಡ್ ಕಟ್ಟಿ, 1933ರ ಹೊತ್ತಿಗೆ ಒಂದು ಮಿಷನ್ ಮಾಡಿದ. 'ರೋಟೋ-ರೂಟರ್' ಅಂತ ಹೆಸರಾಯ್ತು. ರೂಟ್ ಅಂದ್ರೆ ಬೇರು. ಕಂಪನಿ ಇವತ್ತಿಗೂ ಈ ಕತೆ ಹೇಳಿಕೊಳ್ಳುತ್ತೆ. ಅಮೆರಿಕ ಸಮಾನತೆಯ ಸ್ವರ್ಗ ಅಂತ ನಾನು ಹೇಳ್ತಿಲ್ಲ, ಕಪ್ಪು ಜನರನ್ನು ಅಲ್ಲಿ ಹೇಗೆ ನಡೆಸಿಕೊಂಡರು ಅನ್ನೋದು ನಮಗೆ ಗೊತ್ತಿಲ್ಲದ್ದೇನಲ್ಲ. ಆದರೆ ಈ ಮಿಷನ್ನು ಹುಟ್ಟಿದ್ದು ಮನೆಯವನದ್ದೇ ಕೈ ನೊಂದಿದ್ದಕ್ಕೆ.

ಅದೇ ಹೊತ್ತಲ್ಲಿ ಇಲ್ಲೇನಾಗ್ತಿತ್ತು? 1936ರಲ್ಲಿ ಗಾಂಧೀಜಿ ತಮ್ಮ 'ಹರಿಜನ' ಪತ್ರಿಕೆಯಲ್ಲಿ 'ಆದರ್ಶ ಭಂಗಿ' ಹೇಗಿರಬೇಕು ಅಂತ ಲೇಖನ ಬರೆದರು. ಅದೇ ವರ್ಷ ಬಾಬಾಸಾಹೇಬರ 'ಜಾತಿ ವಿನಾಶ' ಅಚ್ಚಾಯ್ತು. ಒಬ್ಬರು ಕೆಲಸಕ್ಕೆ ಗೌರವ ಕೊಡೋಣ ಅಂದ್ರು, ಇನ್ನೊಬ್ಬರು ಹುಟ್ಟಿನಿಂದ ಕೆಲಸ ಹಂಚೋದನ್ನೇ ಕಿತ್ತೆಸೀರಿ ಅಂದ್ರು. ಪುಕ್ಕಟೆ ಕೈ ಸಿಗೋ ದೇಶದಲ್ಲಿ ಮಿಷನ್ ಯಾರಿಗೆ ಬೇಕು ಹೇಳಿ?

ನಮ್ಮ ನಗರಗಳ ನಕ್ಷೆಯಲ್ಲೂ ಇದು ಕಾಣುತ್ತೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಆಮೇಲೆ ಗಾಳಿ ಬೆಳಕು ಇರೋ ಹೊಸ ಬಡಾವಣೆ ಅಂತ ಬಸವನಗುಡಿ, ಮಲ್ಲೇಶ್ವರ ಕಟ್ಟಿದರು. ಮನೆಗಳ ಹಿಂದೆ ಸಣ್ಣ ಓಣಿ ಬಿಟ್ಟರು, ಕನ್ಸರ್ವೆನ್ಸಿ ಗಲ್ಲಿ. ಮೈಸೂರಲ್ಲೂ ಹಾಗೇ. ಮಲ ಹೊರುವವರು ಮುಂಬಾಗಿಲ ಕಡೆ ಕಾಣಬಾರದು, ಹಿತ್ತಲಿಂದ ಬಂದು ಹಿತ್ತಲಿಂದ ಹೋಗಬೇಕು. ಅಸ್ಪೃಶ್ಯತೆಯನ್ನ ಇಂಜಿನಿಯರುಗಳು ಅಡಿ-ಅಂಗುಲದಲ್ಲಿ ಅಳೆದುಕೊಟ್ಟರು. ಮುಂದೆ ಎಷ್ಟೋ ಕಡೆ ಒಳಚರಂಡಿ ಪೈಪು ಹಾಕಿದ್ದು ಇದೇ ಗಲ್ಲಿಗಳಲ್ಲಿ.

70ರ ದಶಕದ ಆರಂಭದಲ್ಲಿ ದೇವರಾಜ ಅರಸು ಸರ್ಕಾರದ ಮಂತ್ರಿ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರೋದನ್ನ ನಿಷೇಧಿಸಿದರು. 1973ರ ಬೂಸಾ ಗಲಾಟೆ ಎಲ್ಲರಿಗೂ ನೆನಪಿದೆ, ಈ ಆದೇಶವನ್ನ ನೆನೆಯೋರು ಕಮ್ಮಿ. 1976ರಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿ ಪೌರಕಾರ್ಮಿಕರ ಬದುಕಿನ ಬಗ್ಗೆ ವರದಿ ಕೊಟ್ಟಿತು, 500 ಜನಕ್ಕೊಬ್ಬ ಕಾರ್ಮಿಕ ಬೇಕು ಅಂತ. ಆ ಹೊತ್ತಿಗೆ ನಮ್ಮದೇ ಜಿಲ್ಲೆಯ ಭದ್ರಾವತಿಯಲ್ಲಿ ಪ್ರೊ. ಬಿ. ಕೃಷ್ಣಪ್ಪನವರು ದಸಂಸ ಕಟ್ಟುತ್ತಿದ್ದರು.

ಬುಟ್ಟಿ ತಲೆಯಿಂದ ಇಳೀತು, ನಿಜ. ಆದರೆ ಓಣಿಯಲ್ಲಿ ನಡೀತಿದ್ದ ಮನುಷ್ಯ ಮ್ಯಾನ್‌ಹೋಲಿಗೆ ಇಳಿದ. 1993ರಲ್ಲಿ ಕಾನೂನು ಬಂತು. 2010ರ ಜುಲೈನಲ್ಲಿ ಪಕ್ಕದ ಹಾವೇರಿ ಜಿಲ್ಲೆಯ ಸವಣೂರಲ್ಲಿ, ಇದ್ದ ಜಾಗ ಖಾಲಿ ಮಾಡಿಸೋಕೆ ಹೊರಟಿದ್ದಕ್ಕೆ, ಭಂಗಿ ಸಮುದಾಯದವರು ಪುರಸಭೆ ಮುಂದೆ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಕಾನೂನು ಬಂದು ಹದಿನೇಳು ವರ್ಷ ಆದಮೇಲೆ ಇದು. ಕೆಜಿಎಫ್‌ನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಮತ್ತು ಸಫಾಯಿ ಕರ್ಮಚಾರಿ ಆಂದೋಲನದ ಹೋರಾಟ, 2013ರ ಹೊಸ ಕಾಯ್ದೆ. 2014ರಲ್ಲಿ ಸುಪ್ರೀಂ ಕೋರ್ಟು ಸತ್ತವರ ಕುಟುಂಬಕ್ಕೆ 10 ಲಕ್ಷ ಅಂತು, 2023ರಲ್ಲಿ 30 ಲಕ್ಷ ಅಂತು. ಪರಿಹಾರ ಏರ್ತಾ ಹೋಯ್ತು, ಸಾವು ನಿಲ್ಲಲಿಲ್ಲ.

ಈ ಕಾಯ್ದೆ ಬರೀ ಪುರಸಭೆಗೆ ಅಂತ ತಿಳ್ಕೊಂಡಿರೋರು ಬಹಳ. ಅಲ್ಲ ಸ್ವಾಮಿ, ನಿಮ್ಮ ಹಿತ್ತಲಿಗೂ ಬರುತ್ತೆ. ರಕ್ಷಣಾ ಸಲಕರಣೆ ಇಲ್ಲದೆ ಒಬ್ಬನನ್ನ ಚರಂಡಿಗೋ ಸೆಪ್ಟಿಕ್ ಟ್ಯಾಂಕಿಗೋ ಇಳಿಸಿದ 'ಯಾವುದೇ ವ್ಯಕ್ತಿ' ತಪ್ಪಿತಸ್ಥ. ಮೊದಲ ಸಲಕ್ಕೆ ಎರಡು ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಜಾಮೀನು ರಹಿತ ಅಪರಾಧ. "ಐನೂರು ಕೊಟ್ಟಿದ್ದೆ, ಅವನೇ ಒಪ್ಪಿ ಇಳಿದ" ಅಂದ್ರೆ ನಡೆಯಲ್ಲ.

ಬೇರು ಕಟ್ಟಿದ ಲೈನು ಇನ್ನೂ ಅಪಾಯ. ಹಿಂದೆ ನಿಂತ ಹೊಲಸು ಕೊಳೆತು ಗ್ಯಾಸ್ ಆಗಿರುತ್ತೆ. ಕಟ್ಟು ಬಿಡಿಸಿದ ಕೂಡಲೇ ಒಟ್ಟಿಗೇ ಹೊರಗೆ ಬರುತ್ತೆ. ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಜಾಸ್ತಿಯಾದರೆ ಮೂಗಿಗೆ ವಾಸನೆ ಹಿಡಿಯೋ ಶಕ್ತಿಯೇ ಹೋಗುತ್ತೆ. ವಾಸನೆ ಇಲ್ಲ, ಇಳಿಬಹುದು ಅಂತ ಇಳಿದವನು ಮೇಲೆ ಬರಲ್ಲ, ಅವನನ್ನ ಎತ್ತೋಕೆ ಹೋದ ತಮ್ಮನೂ ಬರಲ್ಲ.

ಹಾಗಾಗಿ ಬೇರು ಹೊಕ್ಕಿದ್ರೆ ಮೇಲಿಂದಲೇ ರಾಡ್ ಹಾಕಿಸಿ, ಇಲ್ಲ ಜೆಟ್ಟಿಂಗ್ ಗಾಡಿ ತರಿಸಿ. ಆಮೇಲೆ ಸೋರೋ ಜಾಯಿಂಟ್ ಅಗೆದು ಪಿವಿಸಿ ಪೈಪ್ ಕೂರಿಸಿ. ಹೊಸದಾಗಿ ಗಿಡ ನೆಡೋರು ಲೈನಿಂದ ದೂರ ನೆಡಿ. ಚೇಂಬರ್ ಮುಚ್ಚಳದ ಮೇಲೆ ಟೈಲ್ಸ್ ಹಾಕಿ ಅಂಗಳ ಚೆಂದ ಮಾಡಿಕೊಂಡೋರು, ಈ ಮಳೆ ಜೋರಾಗೋ ಮುಂಚೆ ಆ ಟೈಲ್ಸ್ ತೆಗೆಸಿಡಿ, ಗಾಡಿಯ ಪೈಪು ಒಳಗೆ ಹೋಗೋಕೆ ಜಾಗ ಬೇಕು.

ಜೈಭೀಮ್.