ಮರೆತವರ ಮನೆಗೆ ಯಾವ ಕಾಯಿದೆ?

ಕಳೆದ ವರ್ಷ ಆಫೀಸಿನ ಕೆಲಸಕ್ಕೆಂದು ಹನ್ನೊಂದು ದಿನ ಹೊರದೇಶಕ್ಕೆ ಹೋಗಬೇಕಾಯಿತು. ಮಗನಿಗೆ ಹತ್ತನೆಯ ಪರೀಕ್ಷೆ, ಹೆಂಡತಿಗೂ ನೌಕರಿ. ಬೇರೆ ದಾರಿ ಕಾಣದೆ ದೊಡ್ಡಪ್ಪಯ್ಯನನ್ನು ಮಲಾಡಿನಲ್ಲೇ, ನಮ್ಮ ಮನೆಯಿಂದ ರಿಕ್ಷಾದಲ್ಲಿ ಹತ್ತು ನಿಮಿಷ ದೂರದ ಒಂದು ವೃದ್ಧಾಶ್ರಮದಲ್ಲಿ ಬಿಟ್ಟು ಹೋದೆ. ಬೋರ್ಡಿನ ಮೇಲೆ 'ಡಿಮೆನ್ಶಿಯಾ ಕೇರ್' ಎಂದು ದೊಡ್ಡದಾಗಿ ಬರೆದಿತ್ತು. ಏಸಿ ಇತ್ತು, ಕ್ಯಾಮೆರಾ ಇತ್ತು, ಬಾಲ್ಕನಿಯಲ್ಲಿ ತುಳಸಿಯೂ ಇತ್ತು.

ವಾಪಸ್ ಬಂದವನು ವಿಮಾನ ನಿಲ್ದಾಣದಿಂದ ನೇರ ಅಲ್ಲಿಗೇ ಹೋದೆ. ದೊಡ್ಡಪ್ಪಯ್ಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಸೊಂಟದ ಸುತ್ತ ಒಂದು ಓಢಣಿ. ಅದರ ಗಂಟು ಕುರ್ಚಿಯ ಹಿಂದೆ ಇತ್ತು. ನೋಡಿಕೊಳ್ಳುವ ಮಾವಶಿ ಕೆಟ್ಟವಳಲ್ಲ. ಹಿಂದಿಯಲ್ಲಿ ಅಂದಳು: "ಬೆಳಗಿನ ನಾಲ್ಕಕ್ಕೇ ಎದ್ದುಬಿಡ್ತಾರೆ ಸಾಬ್. ಎಲ್ಲರ ಕೋಣೆಗೆ ಹೋಗಿ ಮೇಜು ಒರೆಸ್ತಾರೆ. ರಾತ್ರಿ ಹದಿನಾಲ್ಕು ಜನರಿಗೆ ನಾನೊಬ್ಬಳೇ. ಬಿದ್ದರೆ ಯಾರು ಜವಾಬ್ದಾರಿ?"

ಮೇಜು ಒರೆಸುವುದು ದೊಡ್ಡಪ್ಪಯ್ಯನ ಕಾಯಿಲೆಯಲ್ಲ, ಅವರ ಕಸುಬು. 1962ರಲ್ಲಿ, ಹದಿನಾಲ್ಕನೆಯ ವಯಸ್ಸಿಗೆ, ಕುಂದಾಪುರದ ಕಡೆಯಿಂದ ಬಂದು ಫೋರ್ಟಿನ ಒಂದು ಉಡುಪಿ ಹೊಟೇಲಿನಲ್ಲಿ ಕ್ಲೀನರ್ ಆಗಿ ನಿಂತವರು ಅವರು. ಹಗಲು ಹೊಟೇಲು, ರಾತ್ರಿ ಕನ್ನಡದ ರಾತ್ರಿಶಾಲೆ. ಕೊನೆಯ ಇಪ್ಪತ್ತು ವರ್ಷ ಅದೇ ಹೊಟೇಲಿನ ಗಲ್ಲಾದಲ್ಲಿ ಕೂತರು. ನಾಲ್ಕಕ್ಕೆ ಏಳದಿದ್ದರೆ ಆರಕ್ಕೆ ಇಡ್ಲಿ ಇಲ್ಲ. ಆ ಲೆಕ್ಕ ಅವರ ಮೈಯಲ್ಲಿ ಇನ್ನೂ ಉಳಿದಿದೆ.

ಮ್ಯಾನೇಜರನ್ನು ಕೇಳಿದೆ: "ನಿಮ್ಮ ಸಂಸ್ಥೆ ಯಾವ ಕಾಯಿದೆಯಡಿ ನೋಂದಣಿ ಆಗಿದೆ?" ಅವರು ಗೋಡೆಯ ಮೇಲಿನ ಎರಡು ಫ್ರೇಮು ತೋರಿಸಿದರು. ಒಂದು ಟ್ರಸ್ಟಿನ ನೋಂದಣಿ ಪತ್ರ, ಇನ್ನೊಂದು ಗುಮಾಸ್ತಾ ಲೈಸೆನ್ಸ್, ಅಂದರೆ ಅಂಗಡಿ ಮುಂಗಟ್ಟುಗಳಿಗೆ ಕೊಡುವ ಪರವಾನಗಿ. ಅದೇ ಲೈಸೆನ್ಸ್ ದೊಡ್ಡಪ್ಪಯ್ಯನ ಗಲ್ಲಾದ ಹಿಂದೆಯೂ ತೂಗುತ್ತಿತ್ತು. ಹೊಟೇಲಿಗಾದರೆ ಅದರ ಜೊತೆಗೆ ಮಹಾನಗರಪಾಲಿಕೆಯ ಆರೋಗ್ಯ ಖಾತೆಯ ಪರವಾನಗಿ ಬೇಕಿತ್ತು, ಪೊಲೀಸರ ಈಟಿಂಗ್ ಹೌಸ್ ಪರವಾನಗಿ ಬೇಕಿತ್ತು, ಅಡುಗೆಮನೆ ನೋಡಲು ಇನ್‌ಸ್ಪೆಕ್ಟರ್ ಬರುತ್ತಿದ್ದರು. ಸಾಂಬಾರು ಪರೀಕ್ಷಿಸಲು ಇಷ್ಟೊಂದು ಕಣ್ಣುಗಳಿರುವ ಊರಿನಲ್ಲಿ, ನೆನಪು ಕಳೆದುಕೊಂಡ ಮುದುಕನೊಬ್ಬನನ್ನು ಹೇಗೆ ಇಟ್ಟುಕೊಂಡಿದ್ದಾರೆಂದು ನೋಡುವವರು ಯಾರು? ಈ ಪ್ರಶ್ನೆಯ ಬೆನ್ನು ಹತ್ತಿ ಕೆಲವು ತಿಂಗಳು ಓದಿದೆ. ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಕಥೆಯನ್ನು 1901ರಿಂದ ಶುರುಮಾಡಬಹುದು. ಆ ವರ್ಷದ ನವೆಂಬರಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ಮಾನಸಿಕ ಆಸ್ಪತ್ರೆಗೆ ಆಗುಸ್ಟೆ ಡೇಟರ್ ಎಂಬ 51 ವರ್ಷದ ಹೆಂಗಸನ್ನು ಕರೆತಂದರು. ಆಕೆಗೆ ತನ್ನ ಹೆಸರು ಬರೆಯುವುದೂ ಕಷ್ಟವಾಗಿತ್ತು. ಆಕೆಯನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿ ಉತ್ತರಗಳನ್ನು ಬರೆದಿಟ್ಟ ವೈದ್ಯ ಅಲೋಯಿಸ್ ಆಲ್‌ಝೈಮರ್. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಮಿದುಳನ್ನು ಪರೀಕ್ಷಿಸಿ, ಅದೇ ನವೆಂಬರಿನಲ್ಲಿ ಟ್ಯೂಬಿಂಗನ್ನಿನ ಸಭೆಯಲ್ಲಿ ವರದಿ ಓದಿದ. 1910ರಲ್ಲಿ ಕಾಯಿಲೆಗೆ ಅವನ ಹೆಸರು ಬಂತು. ಇದು ಎಲ್ಲರಿಗೂ ಗೊತ್ತಿರುವ ಭಾಗ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಆ ಆಸ್ಪತ್ರೆಯ ಮುಖ್ಯಸ್ಥ ಎಮಿಲ್ ಸಿಯೋಲಿ ರೋಗಿಗಳನ್ನು ಕಟ್ಟಿಹಾಕಬಾರದೆಂಬ ಪಂಥದವನು. ಅದಕ್ಕೂ ಅರವತ್ತು ವರ್ಷ ಮೊದಲೇ, 1839ರಲ್ಲಿ, ಇಂಗ್ಲೆಂಡಿನ ಹ್ಯಾನ್‌ವೆಲ್ ಆಸ್ಪತ್ರೆಯಲ್ಲಿ ಜಾನ್ ಕೊನೊಲಿ ಕಟ್ಟುವ ಸಲಕರಣೆಗಳನ್ನೆಲ್ಲ ತೆಗೆಸಿದ್ದ. ಆಗುಸ್ಟೆಯ ಕಾಯಿಲೆಗೆ ಹೆಸರು ಬರುವ ಮೊದಲೇ, ಆಕೆಯನ್ನು ಕಟ್ಟಬಾರದು ಎಂಬ ತಿಳಿವಳಿಕೆ ಬಂದಿತ್ತು.

ಅದೇ 1901ರಲ್ಲಿ ನಮ್ಮ ಪಕ್ಕದ ಠಾಣೆಯಲ್ಲಿ, ನೌಪಾಡಾದ ಮಾನಸಿಕ ಆಸ್ಪತ್ರೆ ಹುಟ್ಟಿತು. ಅದಕ್ಕೂ ಮುಂಚೆ ಮುಂಬಯಿಯ ಹುಚ್ಚಾಸ್ಪತ್ರೆ ಇದ್ದದ್ದು ಕೊಲಾಬಾದಲ್ಲಿ. 1858ರ ಕಾಯಿದೆ, ನಂತರ 1912ರ ಇಂಡಿಯನ್ ಲೂನಸಿ ಆ್ಯಕ್ಟ್, ಎರಡರ ಭಾಷೆಯೂ ಒರಟು: ಚಿತ್ತಸ್ವಾಸ್ಥ್ಯವಿಲ್ಲದವರೆಲ್ಲ ಲೂನಾಟಿಕ್. ಮರೆವಿನ ಮುದುಕರಿಗೆಂದು ಬೇರೆ ಜಾಗವೇನಿಲ್ಲ. ಆದರೆ 1912ರ ಕಾಯಿದೆಯಲ್ಲಿ ಒಂದು ಸಂಗತಿ ಇತ್ತು. ಪ್ರತಿ ಹುಚ್ಚಾಸ್ಪತ್ರೆಗೂ ಸಂದರ್ಶಕರನ್ನು ನೇಮಿಸಬೇಕು, ಅವರಲ್ಲಿ ಕನಿಷ್ಠ ಇಬ್ಬರು ತಿಂಗಳಿಗೊಮ್ಮೆ ಒಟ್ಟಿಗೆ ಹೋಗಿ ಕಟ್ಟಡದ ಎಲ್ಲ ಭಾಗ ನೋಡಬೇಕು. ಅದು ಎಷ್ಟರಮಟ್ಟಿಗೆ ನಡೆಯಿತು ಎನ್ನುವುದು ಬೇರೆ ಮಾತು. ಹೊರಗಿನ ಕಣ್ಣೊಂದು ಒಳಗೆ ಬರಬೇಕು ಎಂಬ ತತ್ವವಾದರೂ ಕಾಗದದ ಮೇಲಿತ್ತು.

ಸ್ವಾತಂತ್ರ್ಯ ಬಂದ ಮೇಲೆ, 1949ರಲ್ಲಿ, ಮುಂಬಯಿ ಪ್ರಾಂತ್ಯ ನರ್ಸಿಂಗ್ ಹೋಮ್ ನೋಂದಣಿ ಕಾಯಿದೆ ಮಾಡಿತು. ಇಂದಿಗೂ ನಮ್ಮ ಊರಿನ ಖಾಸಗಿ ಆಸ್ಪತ್ರೆಗಳು ಇದರಡಿಯೇ ನೋಂದಣಿಯಾಗುತ್ತವೆ. ಕಾಯಿಲೆ, ಗಾಯ ಅಥವಾ ಅಶಕ್ತತೆಯಿಂದ ನರಳುವವರನ್ನು ಇಟ್ಟುಕೊಂಡು ಚಿಕಿತ್ಸೆ ಮತ್ತು ಶುಶ್ರೂಷೆ ಕೊಡುವ ಜಾಗವೇ ನರ್ಸಿಂಗ್ ಹೋಮ್ ಎಂದು ಅದರ ವ್ಯಾಖ್ಯೆ. 'ಅಶಕ್ತತೆ' ಎಂಬ ಮಾತು 1927ರ ಇಂಗ್ಲಿಷ್ ಕಾಯಿದೆಯಲ್ಲೂ ಇದೆ. ಆ ಒಂದು ಪದದಲ್ಲಿ ದೊಡ್ಡಪ್ಪಯ್ಯನಂಥವರಿಗೆ ಜಾಗವಿತ್ತು. ಆದರೆ ಚಿಕಿತ್ಸೆ ಎಂಬ ಮಾತೂ ಜೊತೆಗಿದೆಯಲ್ಲ. 'ನಮ್ಮದು ಆಸ್ಪತ್ರೆಯಲ್ಲ, ಮನೆ' ಎಂದರೆ ಮುಗಿಯಿತು, ಮನೆಯವರು ಆ ಬಾಗಿಲಿನಿಂದ ಆಚೆ ಉಳಿದರು.

1960ರಲ್ಲಿ ಕೇಂದ್ರ ಸರಕಾರ ಅನಾಥಾಲಯ ಮತ್ತಿತರ ಧರ್ಮಾರ್ಥ ಆಶ್ರಮಗಳ ಮೇಲ್ವಿಚಾರಣೆಗೆ ಒಂದು ಕಾಯಿದೆ ಮಾಡಿತು. ಅಲ್ಲಿ 'ಹೋಮ್' ಎಂದರೆ ಹೆಂಗಸರ ಅಥವಾ ಮಕ್ಕಳ ಪಾಲನೆಗಿರುವ ಸಂಸ್ಥೆ. ಮುದುಕರು ನೆನಪಾಗಲಿಲ್ಲ. ಅಂದಿನವರನ್ನು ದೂರಿ ಪ್ರಯೋಜನವಿಲ್ಲ. ಮುದುಕರು ಮನೆಯಲ್ಲೇ ಇರುತ್ತಾರೆ, ಸೊಸೆಯಂದಿರು ನೋಡಿಕೊಳ್ಳುತ್ತಾರೆ ಎಂಬ ನಂಬಿಕೆಯ ಮೇಲೇ ಆಗ ಎಲ್ಲ ನಡೆಯುತ್ತಿತ್ತು. ಆ ಸೊಸೆಯಂದಿರ ಶ್ರಮಕ್ಕೆ ಯಾವ ಕಾಯಿದೆಯೂ ಲೆಕ್ಕ ಇಟ್ಟಿರಲಿಲ್ಲ.

ಇಂಗ್ಲೆಂಡಿನಲ್ಲಿ ಅದೇ ಕಾಲದಲ್ಲಿ ಪೀಟರ್ ಟೌನ್ಸೆಂಡ್ ಎಂಬ ಸಮಾಜಶಾಸ್ತ್ರಜ್ಞ 173 ವೃದ್ಧಾಶ್ರಮಗಳನ್ನು ಖುದ್ದಾಗಿ ನೋಡಿ 1962ರಲ್ಲಿ ಪುಸ್ತಕ ಬರೆದ. ಬಡವರ ಹಳೆಯ ವರ್ಕ್‌ಹೌಸುಗಳೇ ಹೆಸರು ಬದಲಿಸಿಕೊಂಡು ಮುಂದುವರಿದಿದ್ದನ್ನು ಅವನು ತೋರಿಸಿಕೊಟ್ಟ. ಅಮೆರಿಕದಲ್ಲಿ 1987ರ ಕಾಯಿದೆ, ಸಿಬ್ಬಂದಿಯ ಅನುಕೂಲಕ್ಕಾಗಿ ಯಾರನ್ನೂ ಕಟ್ಟುವಂತಿಲ್ಲ, ಮಾತ್ರೆ ಕೊಟ್ಟು ಮಂಕಾಗಿಸುವಂತಿಲ್ಲ ಎಂದಿತು. 1990ರ ದಶಕದಲ್ಲಿ ಬ್ರಾಡ್‌ಫರ್ಡಿನ ಟಾಮ್ ಕಿಟ್‌ವುಡ್ ಮಾನದಂಡ ಎಂಬ ಮಾತಿನ ಅರ್ಥವನ್ನೇ ಹಿಗ್ಗಿಸಿದ. ಹಾಸಿಗೆಯ ಅಳತೆ, ಶೌಚಾಲಯದ ಸಂಖ್ಯೆ ಎಷ್ಟು ಮುಖ್ಯವೋ, ಇವರು ಯಾರಾಗಿದ್ದರು, ಏನು ಕೆಲಸ ಮಾಡುತ್ತಿದ್ದರು ಎಂದು ತಿಳಿದಿರುವುದೂ ಅಷ್ಟೇ ಮುಖ್ಯ ಎಂದ. ನಾನು ಆಶ್ರಮಕ್ಕೆ ಕೊಟ್ಟ ಫಾರ್ಮಿನಲ್ಲಿ ಶುಗರು, ಬಿಪಿ, ಮಾತ್ರೆಗಳ ಪಟ್ಟಿ ಇತ್ತು. 'ಹೊಟೇಲಿನಲ್ಲಿದ್ದರು, ನಾಲ್ಕಕ್ಕೆ ಏಳುತ್ತಾರೆ' ಎಂದು ಬರೆಯಲು ಜಾಗವಿರಲಿಲ್ಲ. ನನಗೂ ಹೊಳೆಯಲಿಲ್ಲ.

ನಮ್ಮಲ್ಲಿ ಈ ಕಾಯಿಲೆಯ ಬಗ್ಗೆ ಸಂಘಟಿತ ಕೆಲಸ ಶುರುವಾದದ್ದು 1992ರಲ್ಲಿ, ಕೇರಳದಲ್ಲಿ ಡಾ. ಜೇಕಬ್ ರಾಯ್ ಮುಂದಾಳುತನದಲ್ಲಿ ಎಆರ್‌ಡಿಎಸ್‌ಐ ಹುಟ್ಟಿದಾಗ. 2010ರಲ್ಲಿ ಅದರ ವರದಿ ದೇಶದಲ್ಲಿ 37 ಲಕ್ಷ ಜನಕ್ಕೆ ಡಿಮೆನ್ಶಿಯಾ ಇದೆ ಎಂದು ಅಂದಾಜು ಮಾಡಿತು. 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅದು 88 ಲಕ್ಷ, ಅರವತ್ತು ದಾಟಿದ ನೂರು ಜನರಲ್ಲಿ ಏಳಕ್ಕಿಂತ ಹೆಚ್ಚು. ಬೆಂಗಳೂರಿನಲ್ಲಿ 1998ರಿಂದ ಹಿರಿಯರಿಗಾಗಿ ಕೆಲಸ ಮಾಡುತ್ತಿರುವ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 2010ರಲ್ಲಿ ಕಸ್ತೂರಿನಗರದಲ್ಲಿ ಮರೆವಿನವರಿಗೆಂದೇ ವಸತಿ ಕೇಂದ್ರ ತೆರೆಯಿತು. ಹೀಗೆ ಕೆಲಸ ಮಾಡುವವರು ಮುಂದೆ ಹೋದರು. ಕಾಯಿದೆ ಹಿಂದೆ ಉಳಿಯಿತು.

ಕಾಯಿದೆಯನ್ನು ಎಬ್ಬಿಸಿದ್ದು ಒಂದು ಬೆಂಕಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯ ಖಾಸಗಿ ಆಶ್ರಮವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿದ್ದ ಮಾನಸಿಕ ರೋಗಿಗಳು ಓಡಲಾಗದೆ 28 ಜನ ಸತ್ತರು. ಸುಪ್ರೀಂ ಕೋರ್ಟು ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು.

2007ರಲ್ಲಿ ಹಿರಿಯ ನಾಗರಿಕರ ಕಾಯಿದೆ ಬಂತು. ಅದರ 19ನೆಯ ಕಲಮಿನಲ್ಲಿ ರಾಜ್ಯ ಸರಕಾರ ಜಿಲ್ಲೆಗೊಂದರಂತೆ, ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ವೃದ್ಧಾಶ್ರಮ ಸ್ಥಾಪಿಸಬಹುದು, ಅವುಗಳಿಗೆ ಮಾನದಂಡ ರೂಪಿಸಬಹುದು ಎಂದಿದೆ. ನಾವು ಸಾಫ್ಟ್‌ವೇರಿನವರು ಕರಾರುಪತ್ರ ಓದುವಾಗ ಮೊದಲು ನೋಡುವುದು ಕ್ರಿಯಾಪದವನ್ನು. 'ಮಾಡಬೇಕು' ಎಂದಿದೆಯೋ, 'ಮಾಡಬಹುದು' ಎಂದಿದೆಯೋ? ಇಲ್ಲಿರುವುದು 'ಬಹುದು'. ಅದೂ ನಿರ್ಗತಿಕರಿಗೆ. ತಿಂಗಳಿಗಿಷ್ಟು ಎಂದು ಹಣ ಕೊಟ್ಟು ಬಿಡುವ ಮಲಾಡಿನ ಆಶ್ರಮ ಈ ಕಲಮಿನಲ್ಲಿ ಇಲ್ಲವೇ ಇಲ್ಲ. 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡಿಸಿದ ತಿದ್ದುಪಡಿ ಮಸೂದೆ ಈ ತೂತನ್ನು ಮುಚ್ಚುವಂಥದ್ದು. ಹಿರಿಯರ ವಸತಿಗಳೆಲ್ಲ ನೋಂದಣಿಯಾಗಬೇಕು, ಕನಿಷ್ಠ ಮಾನದಂಡ ಪಾಲಿಸಬೇಕು ಎಂದಿತ್ತು. ಸ್ಥಾಯಿ ಸಮಿತಿಗೆ ಹೋಗಿ ಬಂತು. 2024ರಲ್ಲಿ ಲೋಕಸಭೆಯ ಅವಧಿ ಮುಗಿದಾಗ ಮಸೂದೆಯೂ ಬಿದ್ದುಹೋಯಿತು.

ಉಳಿದಿರುವುದು 2017ರ ಮಾನಸಿಕ ಆರೋಗ್ಯ ಕಾಯಿದೆ. ಮಾನಸಿಕ ಕಾಯಿಲೆಯ ವ್ಯಾಖ್ಯೆಯಲ್ಲಿ ಅದು ಯೋಚನೆ, ಭಾವ, ಗ್ರಹಿಕೆಗಳ ಜೊತೆಗೆ 'ನೆನಪು' ಎಂಬ ಪದವನ್ನೂ ಸೇರಿಸಿದೆ. ಅಂಥವರನ್ನು ಇರಿಸಿಕೊಂಡು ಆರೈಕೆ ಮಾಡುವ ಸಂಸ್ಥೆ, ಟ್ರಸ್ಟಿನದಾಗಲಿ ಖಾಸಗಿಯದಾಗಲಿ, ನೋಂದಣಿಯಾಗಬೇಕು. ಪದಗಳನ್ನು ಇದ್ದ ಹಾಗೇ ಓದಿದರೆ ಡಿಮೆನ್ಶಿಯಾ ಕೇರ್ ಎಂದು ಬೋರ್ಡು ಹಾಕಿದ ಮನೆ ಇದರೊಳಗೇ ಬರಬೇಕು ಎಂದು ನನಗೆ ಅನಿಸುತ್ತದೆ. ಸರಪಳಿ ಹಾಕುವುದನ್ನು 95ನೆಯ ಕಲಮು ನಿಷೇಧಿಸುತ್ತದೆ. 97ನೆಯ ಕಲಮನ್ನು ನಾನು ಎರಡು ಸಲ ಓದಿದೆ. ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಮನೋವೈದ್ಯರ ಅನುಮತಿಯಿಂದ, ಅಗತ್ಯವಿರುವಷ್ಟೇ ಹೊತ್ತು ಕಟ್ಟಬಹುದು. ಅದನ್ನು ಬರೆದಿಡಬೇಕು. ರೋಗಿಯ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು. ಸಿಬ್ಬಂದಿ ಸಾಲದು ಎಂಬ ಒಂದೇ ಕಾರಣಕ್ಕೆ ಕಟ್ಟುವಂತಿಲ್ಲ.

'ಹದಿನಾಲ್ಕು ಜನರಿಗೆ ನಾನೊಬ್ಬಳೇ' ಎಂದ ಮಾವಶಿಯ ಮಾತಿಗೆ ಕಾಯಿದೆ ಉತ್ತರ ಬರೆದಿಟ್ಟಿತ್ತು. ಅದು ಅವಳನ್ನೂ ತಲುಪಿರಲಿಲ್ಲ, ನನ್ನನ್ನೂ ತಲುಪಿರಲಿಲ್ಲ. ಮನೆಗೆ ಬಂದು ಸೇರಿಸುವಾಗ ಸಹಿ ಹಾಕಿದ ಕಾಗದ ತೆಗೆದು ನೋಡಿದೆ. ಆರನೆಯ ಸಾಲಿನಲ್ಲಿ, ಸುರಕ್ಷತೆಗಾಗಿ ಅಗತ್ಯವಿದ್ದರೆ ನಿರ್ಬಂಧಿಸಲು ಒಪ್ಪಿಗೆ ಇದೆ ಎಂದಿತ್ತು. ಕೆಳಗೆ ನನ್ನ ಸಹಿ. ಗಿರಾಕಿಯ ಕರಾರಿನಲ್ಲಿ ಅಲ್ಪವಿರಾಮಕ್ಕೂ ಜಗಳವಾಡುವ ನಾನು ಅದನ್ನು ಓದಿಯೇ ಇರಲಿಲ್ಲ. ವಿಮಾನದ ಹೊತ್ತಾಗಿತ್ತು.

ಇನ್ನೊಂದು ಮಾನದಂಡದ ಬಗ್ಗೆಯೂ ಹೇಳಬೇಕು: ಭಾಷೆ. 2013ರಲ್ಲಿ ಆಗ ಹೈದರಾಬಾದಿನಲ್ಲಿದ್ದ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ರೋಗಿಗಳನ್ನು ಅಧ್ಯಯನ ಮಾಡಿ, ಎರಡು ಅಥವಾ ಹೆಚ್ಚು ಭಾಷೆ ಆಡುವವರಿಗೆ ಡಿಮೆನ್ಶಿಯಾ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಬಂದದ್ದನ್ನು ಕಂಡರು. ಮುಂಬಯಿಯ ನಮ್ಮವರಿಗೆ ಇದು ಒಳ್ಳೆಯ ಸುದ್ದಿಯೇ. ಆದರೆ ಬಂದ ಮೇಲೆ, ಕೊನೆಗೆ ಕಲಿತ ಭಾಷೆಗಳೇ ಅನೇಕರಲ್ಲಿ ಮೊದಲು ಹೋಗುತ್ತವೆ. ಹಿಂದಿ, ಮರಾಠಿ, ಗುಜರಾತಿಗಳಲ್ಲಿ ಗಿರಾಕಿಗಳನ್ನು ಒಲಿಸಿಕೊಂಡಿದ್ದ ದೊಡ್ಡಪ್ಪಯ್ಯನಲ್ಲಿ ಈಗ ಉಳಿದಿರುವುದು ಕುಂದಾಪುರದ ಕನ್ನಡ ಮಾತ್ರ. ಆ ಹನ್ನೊಂದು ದಿನ ಅವರು ನೀರು ಕೇಳಿದ್ದು, ಬಚ್ಚಲು ಕೇಳಿದ್ದು ಯಾರಿಗೂ ಅರ್ಥವಾಗಿರಲಿಕ್ಕಿಲ್ಲ. ಅದನ್ನು ಅಲ್ಲಿನ ರಿಜಿಸ್ಟರಿನಲ್ಲಿ 'ಗಲಾಟೆ' ಎಂದು ಬರೆದಿದ್ದರು.

1902ರ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರ ಮೈಸೂರು ಅಸೋಸಿಯೇಷನ್, 1927ರ ಬಂಟರ ಸಂಘ, 1933ರ ಕರ್ನಾಟಕ ಸಂಘ, ಹೀಗೆ ಈ ಊರಿನ ನಮ್ಮ ಹಿರಿಯರು ಒಂದೊಂದು ಕಾಲದ ಅಗತ್ಯಕ್ಕೆ ಒಂದೊಂದನ್ನು ಕಟ್ಟಿದರು. ಹೊಟೇಲಿನ ಹುಡುಗರಿಗೆ ಅಕ್ಷರ ಬೇಕೆಂದಾಗ ಕನ್ನಡದ ರಾತ್ರಿಶಾಲೆಗಳೂ ಬಂದವು. ಆ ಶಾಲೆಗಳಲ್ಲಿ ಕಲಿತವರು ಈಗ ಎಪ್ಪತ್ತೈದು, ಎಂಬತ್ತು ದಾಟಿದ್ದಾರೆ. ಪ್ರತಿ ಉಪನಗರದಲ್ಲೂ ನಮ್ಮ ಸಂಘವೊಂದಿದೆ. ತಿಂಗಳಿಗೊಮ್ಮೆ ಇಬ್ಬರು ಹೋಗಿ, ಆಶ್ರಮಗಳಲ್ಲಿರುವ ನಮ್ಮ ಹಿರಿಯರ ಜೊತೆ ಅವರ ಮಾತಿನಲ್ಲಿ ಅರ್ಧ ಗಂಟೆ ಕೂತು ಬರುವುದಕ್ಕೆ ಮಸೂದೆ ಪಾಸಾಗುವವರೆಗೆ ಕಾಯಬೇಕಿಲ್ಲ. 1912ರ ಕಾಯಿದೆ ಕೇಳಿದ್ದೂ ಅಷ್ಟನ್ನೇ.

ಆಶ್ರಮ ಬೇಡವೆಂದು ನಾನು ಹೇಳುತ್ತಿಲ್ಲ. ನಾಳೆ ನನಗೂ ಬೇಕಾಗಬಹುದು. ಹುಡುಕುತ್ತಿರುವವರು ಏಸಿ ನೋಡುವ ಮೊದಲು ಕೆಲವನ್ನು ಕೇಳಿ. ಯಾವ ಕಾಯಿದೆಯಡಿ ನೋಂದಣಿ? ರಾತ್ರಿ ಎಷ್ಟು ಜನಕ್ಕೆ ಎಷ್ಟು ಸಿಬ್ಬಂದಿ? ಕಟ್ಟಿದ್ದನ್ನು, ನಿದ್ದೆಮಾತ್ರೆ ಕೊಟ್ಟದ್ದನ್ನು ಬರೆದಿಡುವ ಪುಸ್ತಕ ಎಲ್ಲಿದೆ? ಹೇಳದೆ ಬಂದರೆ ಒಳಗೆ ಬಿಡುತ್ತೀರಾ? ಇವರ ಮಾತು ಬಲ್ಲವರು ಯಾರಿದ್ದಾರೆ? ಸಹಿ ಹಾಕುವ ಕಾಗದವನ್ನು ಪೂರ್ತಿ ಓದಿ.

ದೊಡ್ಡಪ್ಪಯ್ಯ ಈಗ ಮನೆಯಲ್ಲೇ ಇದ್ದಾರೆ. ಹಗಲು ಒಬ್ಬ ಹುಡುಗ ಬರುತ್ತಾನೆ, ಬಿಹಾರದವನು. ನೀರು, ಊಟ, ಬಚ್ಚಲು, ನೋವು, ಸಾಕು ಎಂಬ ಕನ್ನಡ ಪದಗಳನ್ನು ನಾಗರಿಯಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿಕೊಂಡಿದ್ದಾನೆ. ರಾತ್ರಿ ನನ್ನ ಪಾಳಿ. ನಾಲ್ಕಕ್ಕೆ "ಹೊತ್ತಾಯ್ತ್, ಹೋಯ್ಕ್" ಎಂದು ಏಳುತ್ತಾರೆ. ನಾನು ಬಟ್ಟೆ ಹಿಂಡಿ ಕೊಡುತ್ತೇನೆ. ಮೇಜು ಒರೆಸುತ್ತಾರೆ, ಮೂಲೆಯನ್ನೂ ಬಿಡುವುದಿಲ್ಲ. ಆಮೇಲೆ ಇಬ್ಬರೂ ಚಾ ಕುಡಿಯುತ್ತೇವೆ.